ಬೇಗ ಆರಿದ ಪಾದ

ಬಿಷ್ಕೆಕ್‌ನ ಕೃತಕ ಕಾಲಿನ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ನುರ್ಜಾತ್ ಗಂಡ ಕುಬಾತನಿಗೆ ತಾನೇ ಹೊಸ ಪಾದ ಮಾಡುತ್ತಿದ್ದಳು. ತನ್ನ ತಂಗಿಯ ಮದುವೆಯಲ್ಲಿ ಕೋಲಿಲ್ಲದೆ ಕುಣಿಯಬೇಕೆಂದು ಅವನ ಹಟ. ಕಾರ್ಬನ್ ನಾರಿನ ಮೇಲೆ ಪ್ಲಾಸ್ಟಿಕ್ ಕರಗಿಸಿ ಒತ್ತಿದ ಪಾದ ಓವನ್ನಿನಲ್ಲಿತ್ತು. ಅದು ಒಳಗೇ ನಿಧಾನವಾಗಿ ಆರಬೇಕು. ಆಗ ಪ್ಲಾಸ್ಟಿಕ್ಕಿನ ಎಳೆಗಳು ಸಾಲುಗಟ್ಟಿ ಕೂತು ಗಟ್ಟಿಯಾಗುತ್ತವೆ. ಥಟ್ಟನೆ ಆರಿದರೆ ಒಳಗೊಳಗೇ ಎಳೆದಾಟ ಉಳಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಸಂಸಾರಗಳ ಹಾಗೆಯೇ.

ಅವತ್ತು ಊರಿನ ಕಟ್ಟಡಗಳನ್ನು ಬೆಚ್ಚಗಿಡಲು ಬಿಸಿನೀರು ಹರಿಸುವ ಕೊಳವೆ ಒಡೆದು ಕಾರ್ಖಾನೆಯೆಲ್ಲ ಚಳಿಯಿಂದ ಕೊರೆಯುತ್ತಿತ್ತು. ಮಗನ ಪಾದ ನೋಡಲು ಅತ್ತೆ ಬುರುಲ್ ಬಂದಳು. ನುರ್ಜಾತ್ ಚಹಾ ತರುವಷ್ಟರಲ್ಲಿ ಅತ್ತೆ ಓವನ್ನಿನ ಬಾಗಿಲು ತೆರೆದು, ಮುಂದೆ ಕುರ್ಚಿ ಎಳೆದುಕೊಂಡು ಕೈ ಕಾಯಿಸುತ್ತಿದ್ದಳು.

"ಇಷ್ಟು ಶಾಖ ಒಳಗೆ ಬಚ್ಚಿಟ್ಕೊಂಡು ಮುದುಕೀನ ಚಳೀಲಿ ಕೂರಿಸಿದ್ಯಲ್ಲೇ!"

"ಅಪಾ, ಅದು ಇನ್ನೂ..."

"ಇನ್ನೂ ಏನು? ನಾನೇನು ತಪ್ಪು ಮಾಡಿದ್ನಾ?"

ಕೆಲಸದವರೆಲ್ಲ ನೋಡುತ್ತಿದ್ದರು. ಅತ್ತೆಯ ಹೆಸರನ್ನೂ ಬಾಯಲ್ಲಿ ಎತ್ತದೆ ಅಪಾ, ಅಂದರೆ ಅಮ್ಮಾ, ಎಂದೇ ಕರೆಯುವ ಸೊಸೆ ನಾಲ್ಕು ಜನರೆದುರು ಅವಳ ತಪ್ಪು ಎತ್ತಿ ಆಡುವುದುಂಟೆ?

"ಏನಿಲ್ಲ ಅಪಾ, ಕಾಯಿಸ್ಕೊಳ್ಳಿ."

ಮತ್ತೆ ಕಾಯಿಸಿ ನಿಧಾನವಾಗಿ ಆರಿಸಿದ್ದರೆ ಸರಿಹೋಗುತ್ತಿತ್ತು. ಆದರೆ ಮರುದಿನದಿಂದ ಮದುವೆಯವರೆಗೂ ಕಾರ್ಖಾನೆಗೆ ಕರೆಂಟೇ ಇರಲಿಲ್ಲ.

"ಇನ್ನೊಂದ್ಸಲ ಕಾಯಿಸ್ಬೇಕು ಕಣ್ರೀ. ಮದುವೇಗೆ ಹಳೇದನ್ನೇ ಹಾಕ್ಕೊಳ್ಳಿ," ಎಂದಳು ಮನೆಯಲ್ಲಿ ಗಂಡನಿಗೆ.

ಅತ್ತೆ ನಡುವೆ ಬಾಯಿ ಹಾಕಿದಳು. "ಗಂಡ ಕುಂಟ್ತಾನೇ ಇರ್ಲಿ ಅಂತ ಇವಳಿಗೆ. ನೆಟ್ಟಗೆ ನಡೆದ್ರೆ ಕೈ ತಪ್ಪಿ ಹೋಗ್ತಾನಲ್ಲ!"

ಕುಬಾತ್ ನಕ್ಕ. ಆ ನಗು ನುರ್ಜಾತಳ ಮೈ ಉರಿಸಿತು. ಕಾರ್ಖಾನೆಗೆ ಹೋಗಿ ಪಾದ ತಂದು ಅವನ ಮುಂದಿಟ್ಟಳು.

"ತಗೊಳ್ಳಿ. ಕುಣೀರಿ."

ಮದುವೆಯಲ್ಲಿ ಕುಬಾತ್ ಕುಣಿದ. ತಂಗಿಯ ಕೈ ಹಿಡಿದು ಒಂದು ಸುತ್ತು ಬರುವಷ್ಟರಲ್ಲಿ ಪಾದ ಲಟಕ್ಕೆಂದು ಸೀಳಿಹೋಯಿತು. ನೆಂಟರೆದುರು ಊಟಕ್ಕೆ ಹಾಸಿದ್ದ ಬಟ್ಟೆಯ ಮೇಲೆ, ಹಿಟ್ಟು ಕರಿದು ಮಾಡಿದ ಬೊರ್ಸೊಕ್‌ಗಳ ರಾಶಿಗೇ ಬೋರಲಾಗಿ ಬಿದ್ದ.

"ನೋಡಿದ್ರಾ ಇವಳ ಕೈಗುಣ!" ಅತ್ತೆ ಎದೆ ಬಡಿದುಕೊಂಡಳು.

ನುರ್ಜಾತಳಿಗೆ ತಡೆಯಲಾಗಲಿಲ್ಲ. "ಅವತ್ತು ಅಪಾ ಓವನ್ ಬಾಗಿಲು ತೆಗೆದ್ರು. ಆಗ್ಲೇ ಕೆಟ್ಟಿತ್ತು."

ಇಷ್ಟು ದಿನ ನುಂಗಿದ್ದನ್ನು ಕಕ್ಕಿದ ಸಮಾಧಾನ ನುರ್ಜಾತಳಿಗೆ ಒಂದು ಗಳಿಗೆ ಸಿಕ್ಕಿತು.

ಕುಬಾತ್ ತಲೆಯೆತ್ತಿ ಕೇಳಿದ: "ಆಗ್ಲೇ ಕೆಟ್ಟಿತ್ತಾ? ಗೊತ್ತಿದ್ದೂ ನನ್ನ ಕಾಲಿಗೆ ಕಟ್ಟಿದ್ಯಾ?"

ನುರ್ಜಾತ್ ಎಬ್ಬಿಸಲು ಕೈ ಚಾಚಿದಳು. ಅವನು ಆ ಕೈಯನ್ನು ತಳ್ಳಿ, ತಾಯಿಯ ಹೆಗಲು ಹಿಡಿದು ಎದ್ದ.