ಸರಾಸರಿ ನೀರು

ಮಧ್ವೇಶ ಸಾಹೇಬರು ನನ್ನೊಂದಿಗೆ ಕನ್ನಡದಲ್ಲಿ ಮಾತಾಡಿದರೆಂದರೆ ಏನನ್ನೋ ಮುಚ್ಚಿಡುವುದಿದೆ ಎಂದೇ ಅರ್ಥ. ಇಡೀ ದೇಶದ ನದಿಗಳ ನೀರಿನ ಮಟ್ಟ ದಾಖಲಿಸುವ ಪುಣೆಯ ನಮ್ಮ ಕಚೇರಿಯಲ್ಲಿ ಕನ್ನಡದವರು ನಾವಿಬ್ಬರೇ, ಇಬ್ಬರೂ ಧಾರವಾಡದ ಕಡೆಯವರು. ಎಲ್ಲರೊಂದಿಗೆ ಮರಾಠಿ, ಗುಟ್ಟಿಗೆ ಮಾತ್ರ ಕನ್ನಡ. ತಾಯಿನುಡಿಗೆ ಎಂಥ ಕೆಲಸ ಕೊಟ್ಟಿದ್ದೆವು ನೋಡಿ! ಹನ್ನೊಂದು ವರ್ಷ ನಾನೂ ತಲೆಯಾಡಿಸಿದವಳೇ.

೧೯೯೯ರ ಜನವರಿಯಲ್ಲಿ ನೆರೆದೇಶದಿಂದ ಮೂವರು ಎಂಜಿನಿಯರುಗಳು ಬಂದರು. ನಮ್ಮ ದೇಶದ ಪೂರ್ವದಲ್ಲಿ ಹರಿದು, ಗಡಿ ದಾಟಿ ಅವರಲ್ಲಿಗೆ ಹೋಗುವ ನದಿಯೊಂದು ಹಿಂದಿನ ಮಳೆಗಾಲದಲ್ಲಿ ಅವರ ಊರುಗಳನ್ನು ಮುಳುಗಿಸಿತ್ತು. ನಮ್ಮ ಕಡೆ ಯಾವ ದಿನ ನೀರು ಎಷ್ಟು ಏರಿತ್ತು ಎಂಬುದಷ್ಟೇ ಅವರಿಗೆ ಬೇಕಿತ್ತು. ಗೊತ್ತಾದರೆ ಮುಂದಿನ ಸಲ ಜನರನ್ನು ಮೊದಲೇ ಎಬ್ಬಿಸಿ ಸಾಗಿಸಬಹುದು.

ನಾನು ಎರಡು ಪಟ್ಟಿ ಟೈಪು ಮಾಡಿದ್ದೆ. ಒಂದು ದಿನದಿನದ್ದು, ಇನ್ನೊಂದು ತಿಂಗಳ ಸರಾಸರಿ. ಸರಾಸರಿಯಲ್ಲಿ ಆ ನದಿ ಹಸುವಿನಷ್ಟು ಸಾಧು. ಸಾಹೇಬರು ಅತಿಥಿಗಳ ಮುಂದಿಟ್ಟದ್ದು ಅದನ್ನೇ.

ಅವರಲ್ಲಿ ಹಿರಿಯರಾದ ಸ್ವರ್ಣಲತಾ ಕನ್ನಡಕ ಸರಿಪಡಿಸಿಕೊಂಡು ಮುರುಕು ಹಿಂದಿಯಲ್ಲಿ ಕೇಳಿದರು: “ನಮ್ಮೂರ ಶಾಲೆಯ ಛಾವಣಿ ಮುಳುಗಿತ್ತು. ಇದರಲ್ಲಿ ಪ್ರವಾಹವೇ ಇಲ್ಲವಲ್ಲ? ದಿನದ ಪಟ್ಟಿ ಇಲ್ಲವೇ?”

ಸಾಹೇಬರು ಅವರತ್ತ ನಗುತ್ತಲೇ ನನಗೆ ಹೇಳಿದರು: “ನೀಲಿಮಾ ಅವರ, ಅದು ಡ್ರಾವರ್‌ದಾಗ ಇರ್ಲಿ. ಕಳದು ಹೋಗ್ಯದ ಅಂತ ಹೇಳ್ರಿ.”

“ಯಾಕ್ರಿ? ಹೋದ ವರ್ಷದ ನೀರು ಅದು.”

“ಮ್ಯಾಲಿನವರ ಅಪ್ಪಣಿ ಅದ. ನಿಮ್ಮ ಬಡ್ತಿ ಕಾಗದ ನನ್ನ ಟೇಬಲ್ ಮ್ಯಾಲ ಅದ, ನೆನಪಿರ್ಲಿ.”

ಸಿಟ್ಟು ನೆತ್ತಿಗೇರಿತು. ಅವ್ವ ನನಗೆ ಉಣ್ಣಿಸುತ್ತ ಆಡಿದ ಮಾತಿನಲ್ಲಿ ಈ ಮನುಷ್ಯ ನಗುನಗುತ್ತ ಬೆದರಿಸುತ್ತಿದ್ದ. ಎದ್ದು ನಿಂತೆ. ಅತಿಥಿಗಳತ್ತ ತಿರುಗಿ, ಸಾಹೇಬರು ಹೇಳಿದ್ದನ್ನೆಲ್ಲ ಹಿಂದಿಯಲ್ಲಿ ಹೇಳಿಬಿಟ್ಟೆ. ಪಟ್ಟಿ ಇದೆ. ಕಳೆದಿದೆ ಎನ್ನಲು ಹೇಳಿದ್ದಾರೆ. ನನ್ನ ಬಡ್ತಿ ಕಾಗದ ಇವರ ಟೇಬಲ್ ಮೇಲಿದೆ. ಒಂದನ್ನೂ ಬಿಡಲಿಲ್ಲ. ಡ್ರಾವರ್ ಎಳೆದು ಪಟ್ಟಿಯನ್ನು ಸ್ವರ್ಣಲತಾ ಅವರ ಕೈಗೇ ಕೊಟ್ಟೆ.

ಅವರ ಬೆರಳು ಆಗಸ್ಟಿನ ಸಾಲುಗಳ ಮೇಲೆ ಇಳಿದು ನಿಂತಿತು. “ಇಲ್ಲಿ ಇಪ್ಪತ್ಮೂರಕ್ಕೆ ಉಕ್ಕಿದೆ. ನಮ್ಮಲ್ಲಿಗೆ ಬಂದದ್ದು ಇಪ್ಪತ್ತಾರಕ್ಕೆ.” ಕನ್ನಡಕ ತೆಗೆದು ಪಟ್ಟಿಯ ಮೇಲಿಟ್ಟರು. “ನಮಗೆ ಮೂರು ದಿನ ಇತ್ತು.”

ಸಾಹೇಬರ ಮುಖ ಕಪ್ಪಿಟ್ಟಿತ್ತು. “ನೀಲಿಮಾ ಅವರ, ಏನ್ ಮಾಡಿದ್ರಿ ಇದು?”

“ಹಿಂದಿಯೊಳಗ ಕೇಳ್ರಿ ಸಾಹೇಬರ,” ಎಂದೆ. “ಅವರಿಗೂ ತಿಳೀಲಿ.”