ಸುಗಂಧಿಯ ಪಾಲಿಗೆ ಬಂದ ನ್ಯೂಟ್

ಲಂಡನ್ನಿನ ಫೆಲ್ಥಮ್‌ನ ಸುಗಂಧಿಗೆ ಪ್ರಾಣಿ ಸಾಕುವ ಆಸೆ ಯಾವತ್ತೂ ಇರಲಿಲ್ಲ. ಏರ್‌ಪೋರ್ಟಿನ ಅಡುಗೆಮನೆಯಲ್ಲಿ ಎಂಟು ಗಂಟೆ ನಿಂತು ಬಂದವಳಿಗೆ ಒಂದು ಕುರ್ಚಿ, ಒಂದು ಲೋಟ ಚಹಾ ಸಿಕ್ಕರೆ ಸಾಕಿತ್ತು. ಆದರೆ ಫ್ಲ್ಯಾಟಿನ ಹಿಂದಿನ ಬಾಡಿಗೆದಾರ ಒಂದು ಗಾಜಿನ ತೊಟ್ಟಿ ಬಿಟ್ಟುಹೋಗಿದ್ದ. ಅದರೊಳಗೊಂದು ನ್ಯೂಟ್. ನೋಡಲು ಹಲ್ಲಿ, ಹುಟ್ಟಿನಿಂದ ಕಪ್ಪೆಯ ನೆಂಟ. ವಾರದಲ್ಲಿ ಬಂದು ಒಯ್ಯುತ್ತೇನೆ ಎಂದವನ ಫೋನು ಮೂರು ವಾರದಿಂದ ಸ್ವಿಚ್ ಆಫ್.

ಒಂದು ಮಧ್ಯಾಹ್ನ ಬಂದು ನೋಡಿದರೆ ತೊಟ್ಟಿ ಖಾಲಿ. ಮುಚ್ಚಳವೇ ಇರಲಿಲ್ಲವಲ್ಲ! ಹುಡುಕಿದಾಗ ಕೋಣೆ ಬಿಸಿಮಾಡುವ ರೇಡಿಯೇಟರಿನ ಕೆಳಗೆ ಸಿಕ್ಕಿತು. ಮೈತುಂಬ ಧೂಳು, ಚರ್ಮ ಒಣಗಿ ಮುದುಡಿತ್ತು. ಗಂಟಲು ಮಾತ್ರ ಮಿಡಿಯುತ್ತಿತ್ತು. ಸುಗಂಧಿ ಅದನ್ನು ಡಬ್ಬಿಗೆ ಹಾಕಿಕೊಂಡು ಹೊರಟಳು.

ಲಿಫ್ಟಿನಲ್ಲಿ ಪಕ್ಕದ ಮನೆಯ ಕೃಷ್ಣವೇಣಿ ಸಿಕ್ಕಳು. ಅವಳು ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸ್. ಸುಗಂಧಿ ಡಬ್ಬಿ ತೆರೆದು ತೋರಿಸಿದಳು.

“ನಂಗೆ ಸಾಕಾಯ್ತ್ ಮಾರಾಯ್ತಿ. ಪಾರ್ಕಿನ ಕೆರೆಗೆ ಬಿಟ್ ಬತ್ತೆ.”

“ಬೇಡ ಸುಗಂಧಿ! ಹೊರದೇಶದ್ದಾದ್ರೆ ಇದರ ರೋಗ ಕೆರೆಯ ಕಪ್ಪೆಗಳಿಗೆಲ್ಲ ಹರಡಬಹುದು. ಬಿಡೋದು ಕಾನೂನಿಗೂ ವಿರುದ್ಧ.”

“ಇಲ್ಲಿದೇ ಆದ್ರೆ?”

“ಇಲ್ಲಿನ ಸಂರಕ್ಷಿತ ಜಾತಿ, ಗ್ರೇಟ್ ಕ್ರೆಸ್ಟೆಡ್ ನ್ಯೂಟ್ ಆಗಿದ್ರೆ ಲೈಸೆನ್ಸ್ ಇಲ್ದೆ ಮನೇಲಿಡೋದೇ ತಪ್ಪು. ಅದಕ್ಕೇ ಮೊದ್ಲು ಜಾತಿ ತಿಳ್ಕೋಬೇಕು.”

“ಹೊಟ್ಟಿ ಕೆಂಪಿತ್ತಲೆ, ಅಷ್ಟ್ ಸಾಕಾತಿಲ್ಯಾ?”

“ಸಾಲದು. ಇಲ್ಲಿನವಕ್ಕೂ ಕೇಸರಿ ಹೊಟ್ಟೆ ಇರುತ್ತೆ.”

ಇಬ್ಬರೂ ವಾಪಸ್ ಬಂದರು. ಕೃಷ್ಣವೇಣಿ ಗ್ಲೌಸ್ ಹಾಕಿ, ಕ್ಲೋರಿನ್ ತೆಗೆದ ತಣ್ಣನೆಯ ನೀರನ್ನು ತಟ್ಟೆಗೆ ತೆಳ್ಳಗೆ ಹಾಕಿ ನ್ಯೂಟನ್ನು ಅದರಲ್ಲಿ ಮಲಗಿಸಿದಳು. ಬೆನ್ನು, ಹೊಟ್ಟೆ, ಬಾಲ, ಎಲ್ಲದರ ಫೋಟೋವನ್ನೂ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದು ತನ್ನ ಆಸ್ಪತ್ರೆಯ ಡಾಕ್ಟರಿಗೆ ಕಳಿಸಿದಳು. ಉತ್ತರ ಬಂತು: ಚೈನೀಸ್ ಫೈರ್‌-ಬೆಲ್ಲೀಡ್ ನ್ಯೂಟ್. ಹೊರದೇಶದ್ದು; ಸಾಕಲು ಅಡ್ಡಿಯಿಲ್ಲ, ಹೊರಗೆ ಬಿಡುವಂತಿಲ್ಲ. ಚರ್ಮದಲ್ಲಿ ವಿಷವಿದೆ, ಮುಟ್ಟಿದರೆ ಸೋಪಿನಲ್ಲಿ ಕೈ ತೊಳೆಯಿರಿ.

ಸುಗಂಧಿ ನೆಲದ ಮೇಲೇ ಕುಸಿದು ಕೂತಳು. “ಮನುಷ್ಯರನ್ನೇ ನೋಡ್ಕಂಬ್ಕೆ ಆತಿಲ್ಲೆ ನಂಗೆ. ಇನ್ನ್ ಇದೊಂದಾ?”

ಕೃಷ್ಣವೇಣಿ ಅವಳ ಪಕ್ಕದಲ್ಲೇ ಕೂತಳು. “ಕೈಲಾಗದಿದ್ರೆ ದಿಕ್ಕಿಲ್ಲದ ಪ್ರಾಣಿಗಳನ್ನ ನೋಡ್ಕೊಳ್ಳೋ ರೆಸ್ಕ್ಯೂನವರಿಗೆ ಹೇಳೋಣ, ಅದರಲ್ಲಿ ನಾಚಿಕೆ ಇಲ್ಲ. ಅಲ್ಲೀವರೆಗೆ ಒಂದು ಮುಚ್ಚಳ ಹಾಕೋಣ.”

ತೊಟ್ಟಿಯನ್ನು ರೇಡಿಯೇಟರಿನಿಂದ ದೂರ, ಬಿಸಿಲು ಬೀಳದ ತಂಪು ಮೂಲೆಗೆ ಒಯ್ದರು. ನೀರು ಇಪ್ಪತ್ತು ಡಿಗ್ರಿ ದಾಟದಂತೆ ನೋಡಿಕೊಂಡರು. ಹತ್ತಿ ಕೂರಲು ಒಂದು ಕಲ್ಲು, ಮೇಲೆ ಕ್ಲಿಪ್ ಬಿಗಿದ ಜಾಲರಿ.

ನಾಲ್ಕನೆಯ ದಿನ ನ್ಯೂಟ್ ಒಂದು ಹುಳ ನುಂಗಿತು. ಅದೇ ಸಂಜೆ, ಕೃಷ್ಣವೇಣಿ ಹೇಳಿಟ್ಟಿದ್ದ ರೆಸ್ಕ್ಯೂನವರ ಫೋನ್ ಬಂತು, ನ್ಯೂಟಿಗೆ ಜಾಗ ಇದೆಯೆಂದು. ಯೂನಿಫಾರ್ಮ್ ಬಿಚ್ಚಲೂ ತ್ರಾಣವಿಲ್ಲದೆ ಕೂತಿದ್ದ ಸುಗಂಧಿ ತೊಟ್ಟಿಯ ಕಡೆ ನೋಡಿದಳು. ನ್ಯೂಟೂ ಅವಳಂತೆಯೇ ಕಲ್ಲು ಹತ್ತಿ ಸುಮ್ಮನೆ ಕೂತಿತ್ತು.

“ಬೇಡ. ಇಲ್ಲೇ ಇರ್ಲಿ,” ಎಂದಳು.

ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ನ್ಯೂಟ್ ಇದೆಯೇ? ಅದು ಯಾವ ಜಾತಿ ಎಂದು ತಿಳಿದವರನ್ನು ಈ ವಾರವೇ ಕೇಳಿ. ತಂಪು ನೀರು ಕೊಡಿ, ಮುಚ್ಚಳ ಬಿಗಿಯಿರಿ. ಸಾಕಲು ಆಗದಿದ್ದರೆ ರೆಸ್ಕ್ಯೂನವರಿಗೆ ಹೇಳಿ, ಸಹಾಯ ಸಿಗುತ್ತದೆ. ಕೆರೆಗೆ ಮಾತ್ರ ಬಿಡಬೇಡಿ.