ಹಿಂದಿನ ಪದ್ಯದಿಂದ ಬನ್ನಿ

"ಎಲ್ಲರೂ ಎಲ್ಲಿಗೆ ಹೋದ್ರಿ?"

ಶೈಲಜಾ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಕಂಪ್ಯೂಟರಿನ ಹಸಿರಕ್ಷರದ ಪರದೆ ಮಾತ್ರ. ಅದರ ಮೇಲಂಚಿಗೆ ನಿನ್ನೆ ಆಯುಧಪೂಜೆಯಲ್ಲಿ ಇಟ್ಟ ಕುಂಕುಮ ಇನ್ನೂ ಹಾಗೇ ಇತ್ತು. ಶನಿವಾರ ಸಂಜೆಯವರೆಗೂ ಆ ಪರದೆಯ ಮೇಲೆ ಹೆಸರುಗಳು ಸಾಲಾಗಿ ನಿಂತಿದ್ದವು. ಈಗ ಒಂದೇ ಸಾಲು: ದಾಖಲೆಗಳಿಲ್ಲ.

ಕಡಲಾಚೆಯ ಫ್ರೀಮಾಂಟ್ ಊರಿನ ಒಂದು ಇಂಡಿಯನ್ ಗ್ರೋಸರಿ ಅಂಗಡಿಯ ಹಿಂಬದಿಯಲ್ಲಿ ಉಡುಪಿಯ ವಸಂತಿ ನಡೆಸುತ್ತಿದ್ದ ಅಡುಗೆಮನೆ ಅದು. ಮಕ್ಕಳು ಸೊಸೆಯಂದಿರು ಕೊಲ್ಲಿಯ ಆಚೆಗೆ ಕೆಲಸಕ್ಕೆ ಹೋದಮೇಲೆ ಅಪಾರ್ಟ್‌ಮೆಂಟುಗಳಲ್ಲಿ ಒಂಟಿಯಾಗಿ ಉಳಿಯುವ ಹಿರಿಯರಿಗೆ ಇಲ್ಲಿಂದ ಮಧ್ಯಾಹ್ನದ ಊಟದ ಡಬ್ಬಿ ಹೋಗುತ್ತಿತ್ತು. ಡಬ್ಬಿಗೊಂದು ಲೇಬಲ್ಲು: ಹೆಸರು, ವಿಳಾಸ, ಅದರ ಕೆಳಗೆ ಅವರು ಏನು ತಿನ್ನಬಾರದು ಎಂಬುದು. ಒಬ್ಬರಿಗೆ ಸಕ್ಕರೆ ಬೇಡ, ಒಬ್ಬರಿಗೆ ಕಡಲೆ ಬೇಡ. ಲೇಬಲ್ಲನ್ನು ಅಚ್ಚು ಹಾಕುವುದು ಶೈಲಜಾಳ ಕೆಲಸ. ಮೈಸೂರಿನಿಂದ ಬಂದ ಮೇಲೆ ಅವಳಿಗೆ ಸಿಕ್ಕಿದ ಮೊದಲ ಕೆಲಸ ಇದು.

"ಎಂತ ಮಾರಾಯ್ತಿ, ಲೇಬಲ್ಲು ಆಯ್ತಾ? ಹುಳಿ ಕುದಿಯುತ್ತಾ ಉಂಟು," ವಸಂತಿ ಸೌಟು ಹಿಡಿದೇ ಬಾಗಿಲಿಗೆ ಬಂದಳು.

"ವಸಂತಕ್ಕ, ಹೆಸರೆಲ್ಲ ಹೋಗಿದೆ."

"ಹೋಗಿದೆ ಅಂದ್ರೆ? ಹಬ್ಬಕ್ಕೆ ಊರಿಗೆ ಹೋದವಾ?"

ಶೈಲಜಾ ನಗಲಿಲ್ಲ. ವಸಂತಿಯ ನಗುವೂ ಅಲ್ಲೇ ನಿಂತಿತು.

"ಕಾಗದದಲ್ಲಿ ಉಂಟಲ್ಲ, ಹೋದ ವಾರದ್ದು?"

"ಹಬ್ಬಕ್ಕೆ ಅಂತ ಎಲ್ಲ ಗುಡಿಸಿ ಕಸಕ್ಕೆ ಹಾಕಿದ್ವಲ್ಲ ಅಕ್ಕ."

ನಕಲು ಮಾಡಿಟ್ಟ ಫ್ಲಾಪಿ ಬೇಸಿಗೆಯದು. ಆಗಿನ್ನೂ ಸಣ್ಣತಾಯಮ್ಮ ಎಂಬ ಹಿರಿಯರು ಇಲ್ಲಿಂದ ಡಬ್ಬಿ ತರಿಸುತ್ತಿರಲಿಲ್ಲ. ಶೈಲಜಾಳನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಹೆಸರು ಅದೇ. ಸಣ್ಣತಾಯಮ್ಮ ಆಸ್ಪತ್ರೆಯಿಂದ ಮನೆಗೆ ಬಂದದ್ದು ಶುಕ್ರವಾರ. ಮೂತ್ರಪಿಂಡದ ತೊಂದರೆ. ಏನೇನು ಕೊಡಬಾರದು ಎಂಬುದನ್ನು ಅವರ ಸೊಸೆ ಫೋನಿನಲ್ಲಿ ಹೇಳಿದಂತೆ ಶೈಲಜಾ ಶನಿವಾರ ನೇರ ಕಂಪ್ಯೂಟರಿಗೇ ಹಾಕಿದ್ದಳು. ಉಪ್ಪು ಬೇಡ ಎಂಬುದು ನೆನಪಿತ್ತು. ಟೊಮೇಟೊವೋ ಆಲೂಗಡ್ಡೆಯೋ, ಎರಡೂನೋ? ಸೊಸೆ ಈಗ ಬಸ್ಸಿನಲ್ಲಿರುತ್ತಾಳೆ. ಅವಳ ಆಫೀಸಿನ ನಂಬರೂ ಕಂಪ್ಯೂಟರಿನೊಳಗೇ. ಸಣ್ಣತಾಯಮ್ಮನಿಗೆ ಓದು ಬಾರದು, ಡಬ್ಬಿಯಲ್ಲಿ ಏನಿದ್ದರೂ ನಂಬಿ ಉಣ್ಣುವವರು.

"ಕಂಪ್ಯೂಟರಿನ ಕಂಪನಿಗೆ ಫೋನು ಮಾಡು."

ಮಾಡಿದಳು. ಮೊದಲು ಸಂಗೀತ, ಆಮೇಲೆ ಮೊದಲೇ ಮುದ್ರಿಸಿಟ್ಟ ಒಂದು ದನಿ: ದಯವಿಟ್ಟು ನಮ್ಮ ತಾಂತ್ರಿಕ ಲೇಖನಗಳನ್ನು ಮೊದಲು ನೋಡಿ. ಮತ್ತೆ ಸಂಗೀತ.

ಆ ಲೇಖನಗಳು ಕೆಂಪು ರಟ್ಟಿನ ದಪ್ಪ ಫೈಲಿನಲ್ಲಿದ್ದವು. ಹುಡುಕಲು ಒಂದು ಫ್ಲಾಪಿ. ಅದಕ್ಕೆ ಒಂದು ಪದ ಕೊಟ್ಟರೆ ಲೇಖನಗಳ ಸಂಖ್ಯೆ ಹೇಳುತ್ತಿತ್ತು. ಶೈಲಜಾ ‘ಹೆಸರು’ ಎಂದು ಕೊಟ್ಟಳು. ಕಡತಕ್ಕೆ ಹೆಸರಿಡುವುದು ಹೇಗೆ ಎಂಬ ಲೇಖನ ಬಂತು. ‘ಲೇಬಲ್’ ಎಂದಳು. ಲೇಬಲ್ಲಿನ ಅಂಚನ್ನು ಅಗಲ ಮಾಡುವುದು ಹೇಗೆ ಎಂದು ಹೇಳಿತು. ‘ಖಾಲಿ’ ಎಂದದ್ದಕ್ಕೆ ಒಂದು ಲೇಖನ ಇನ್ನೊಂದನ್ನು ನೋಡಿ ಎಂದಿತು, ಆ ಇನ್ನೊಂದು ಮತ್ತೆ ಮೊದಲಿನದನ್ನೇ ನೋಡಿ ಎಂದಿತು. ‘ಕಳೆದುಹೋಗಿದೆ’ ಎಂದರೆ ಏನೂ ಇಲ್ಲ. ಆ ಕಂಪನಿಯಲ್ಲಿ ಯಾವುದೂ ಕಳೆಯುವುದೇ ಇಲ್ಲವೇನೋ.

‘ಕಾಣುತ್ತಿಲ್ಲ’ ಎಂಬುದಕ್ಕೆ ಕೊನೆಗೆ ಒಂದು ಸಿಕ್ಕಿತು. ದಾಖಲೆಗಳು ಕಾಣದಿದ್ದರೆ ಮರುಜೋಡಣೆ ಮಾಡಿ ಎಂದು ಅದರ ಸಲಹೆ. ಶೈಲಜಾ ಅದು ಹೇಳಿದ ಆಜ್ಞೆಯನ್ನು ಒತ್ತಿದಳು. ಪರದೆ ಕೇಳಿತು: ಹೊಂದಿಕೆಯಾಗದ ದಾಖಲೆಗಳು ಅಳಿಸಿಹೋಗುತ್ತವೆ, ಮುಂದುವರಿಯಲೇ?

ಅವಳ ಬೆರಳು ಹೌದು ಎನ್ನುವ ‘ವೈ’ ಅಕ್ಷರದ ಮೇಲೆ ನಿಂತಿತು.

ಪಕ್ಕದ ಮೇಜಿನಲ್ಲಿ ವಿರುಪಾಕ್ಷಪ್ಪ ಹತ್ತಿರದ ಗಿಲ್‌ರಾಯ್ ಊರಿನಿಂದ ಬಂದ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಧಾರವಾಡದ ಕಡೆಯ ನಿವೃತ್ತ ಮೇಷ್ಟ್ರು. ಮಗಳ ಮನೆಯಲ್ಲಿ ಹೊತ್ತು ಹೋಗದೆ ಬೆಳಗಾದರೆ ಇಲ್ಲಿಗೆ ಬರುತ್ತಿದ್ದರು, ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಷಟ್ಪದಿ ಹಾಡುತ್ತಿತ್ತು. ಶೈಲಜಾಳ ಅಪ್ಪನೂ ಮನೆಯಲ್ಲಿ ಸಂಜೆ ಹೀಗೆಯೇ ಓದುತ್ತಿದ್ದರು, ಅವಳು ಕಂಬಕ್ಕೊರಗಿ ಕೇಳುತ್ತಿದ್ದಳು. ಹಾಗಾಗಿ ಅವರ ರಾಗ ಬಂದರೆ ಅವಳ ಅರ್ಧ ಕಿವಿ ಯಾವಾಗಲೂ ಅತ್ತ.

ರಾಗ ನಡುವೆ ಕಡಿಯಿತು.

"ಥೂ, ಹಾರಿ ಹೋತು ನೋಡ. ನಾಲಗೀ ತುದೀಮ್ಯಾಲ ಐತಿ, ಬರವಲ್ದು."

"ಅಲ್ಲೇ ತಡಕಾಡಿದ್ರೆ ಸಿಗಲ್ಲ ತಾತ," ಶೈಲಜಾ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು. ಅಪ್ಪನಿಗೆ ಹೇಳುತ್ತಿದ್ದ ಮಾತು, ಬಾಯಿಗೆ ತಾನಾಗಿ ಬಂತು. "ಹಿಂದಿನ ಪದ್ಯದಿಂದ ಬನ್ನಿ."

ವಿರುಪಾಕ್ಷಪ್ಪ ಒಂದು ಪದ್ಯ ಹಿಂದಕ್ಕೆ ಹೋಗಿ ಅಲ್ಲಿಂದ ಎತ್ತಿಕೊಂಡರು. ಹಳ್ಳ ದಾಟುವವನು ನಾಲ್ಕು ಹೆಜ್ಜೆ ಹಿಂದೆ ಸರಿದು ಓಡಿ ಬಂದು ಹಾರುವಂತೆ, ತಪ್ಪಿದ ಸಾಲನ್ನು ರಾಗ ತಾನೇ ದಾಟಿಸಿತು.

"ಬಂತಲ್ಲವಾ!" ಎಂದು ಅವರು ನಕ್ಕರು.

ಶೈಲಜಾ ‘ವೈ’ ಮೇಲಿಂದ ಬೆರಳು ತೆಗೆದಳು. ಆಜ್ಞೆಯನ್ನು ರದ್ದು ಮಾಡಿ ಕೈ ಕಟ್ಟಿ ಕೂತಳು.

"ಯಾಕವಾ ತಂಗಿ, ಸುಮ್ನ ಕುಂತಿ?"

"ನಾನೂ ಹಿಂದಕ್ಕೆ ಹೋಗ್ತಾ ಇದೀನಿ ತಾತ."

ಇಷ್ಟು ಹೊತ್ತು ಅವಳು ತಡಕುತ್ತಿದ್ದದ್ದು ಸಾಲು ತಪ್ಪಿದ ಜಾಗದಲ್ಲೇ. ಅದಕ್ಕೆ ಹಿಂದೆ ಏನಾಗಿತ್ತು? ಬೆಳಿಗ್ಗೆ ಬಂದು ಸ್ವಿಚ್ಚು ಹಾಕಿದ್ದು. ಅದಕ್ಕೆ ಹಿಂದೆ, ನಿನ್ನೆ ಮಂಗಳಾರತಿ. ಅದಕ್ಕೂ ಹಿಂದೆ ಅವಳೇ ಒದ್ದೆ ಬಟ್ಟೆಯಿಂದ ಒರೆಸಿದ್ದು, ಮಲ್ಲಿಗೆ ಇಟ್ಟಿದ್ದು. ಇನ್ನೂ ಹಿಂದೆ: ಹಬ್ಬದ ದಿನ ಆಯುಧಕ್ಕೆ ಕೆಲಸ ಹೇಳಬಾರದು ಎಂದು ಶನಿವಾರವೇ ಗೋಡೆಯಿಂದ ಪ್ಲಗ್ಗು ಕಿತ್ತಿದ್ದು. ಕೊಂಡ ದಿನದಿಂದ ಆ ಯಂತ್ರ ಒಂದು ರಾತ್ರಿಯೂ ಆರಿರಲಿಲ್ಲ.

ಹುಡುಕುವ ಫ್ಲಾಪಿಗೆ ಅವಳು ‘ಪ್ಲಗ್’ ಎಂದು ಕೊಟ್ಟಳು.

ಒಂದೇ ಲೇಖನ ಬಂತು. ಯಂತ್ರದ ಪ್ಲಗ್ ತೆಗೆದಿಟ್ಟು ಮತ್ತೆ ಹಾಕಿದ್ದಲ್ಲಿ, ಎಂದೇ ಅದು ಶುರುವಾಗುತ್ತಿತ್ತು. ಒಳಗಿನ ಪುಟ್ಟ ಬ್ಯಾಟರಿ ಸೋತಿದ್ದರೆ ಯಂತ್ರ ತಾರೀಕು ಮರೆತು 1980ರ ಮೊದಲ ದಿನಕ್ಕೆ ಹೋಗಿ ಕೂರುತ್ತದೆ. ಅದರ ಲೆಕ್ಕದಲ್ಲಿ ಇನ್ನೂ ಬಾರದ ದಿನಗಳ ದಾಖಲೆಗಳನ್ನು ತೋರಿಸುವುದಿಲ್ಲ. ಗಾಬರಿಯಾಗಬೇಡಿ, ಎಲ್ಲವೂ ಒಳಗೇ ಇವೆ. ಮರುಜೋಡಣೆ ಮಾತ್ರ ಮಾಡಬೇಡಿ, ಮಾಡಿದರೆ ಎಲ್ಲವೂ ಹೋಗುತ್ತವೆ. ಇಂದಿನ ತಾರೀಕು ಕೊಡಿ.

ಶೈಲಜಾ ತಲೆಯೆತ್ತಿದಳು. ಪರದೆಯ ಮೂಲೆಯಲ್ಲಿ 1980ರ ಜನವರಿ ಒಂದು ಎಂಬ ತಾರೀಕು ಬೆಳಗಿನಿಂದಲೂ ಅವಳ ಎದುರೇ ಕೂತಿತ್ತು. ಅಲ್ಲಿ 1986 ಎಂದು ತಿದ್ದಿ, ಅಕ್ಟೋಬರು ಸೇರಿಸಿ, ಸೋಮವಾರದ ತಾರೀಕು ಕೊಟ್ಟಳು.

ಹೆಸರುಗಳು ಒಂದೊಂದಾಗಿ ಮೇಲೆದ್ದು ಬಂದವು. ಗರ್ಭಗುಡಿಯ ತೆರೆ ಸರಿದಾಗ ಕಣ್ಣಿಗೆ ಮೊದಲು ದೀಪ, ಆಮೇಲೆ ಮುಖ ಕಾಣುವಂತೆ. ಸಣ್ಣತಾಯಮ್ಮ: ಉಪ್ಪು ಬೇಡ, ಟೊಮೇಟೊ ಬೇಡ, ಆಲೂಗಡ್ಡೆ ಬೇಡ, ಬಾಳೆಹಣ್ಣು ಬೇಡ.

ಬಾಳೆಹಣ್ಣು! ಅದು ಅವಳಿಗೆ ನೆನಪೇ ಇರಲಿಲ್ಲ. ಹಬ್ಬದ ಪ್ರಸಾದವೆಂದು ವಸಂತಿ ಪ್ರತಿ ಡಬ್ಬಿಗೂ ಒಂದೊಂದು ಎತ್ತಿಟ್ಟಿದ್ದಳು.

"ಅಯ್ಯೋ ದೇವರೇ," ವಸಂತಿ ಒಂದು ಡಬ್ಬಿಯಿಂದ ಹಣ್ಣು ತೆಗೆದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಈರುಳ್ಳಿ ಮಾರಾಯ್ತಿ, ಈರುಳ್ಳಿ," ಎಂದಳು. ಹತ್ತಿರದಲ್ಲಿ ಎಲ್ಲೂ ಈರುಳ್ಳಿ ಇರಲಿಲ್ಲ.

ಅಚ್ಚು ಯಂತ್ರ ಕರಕರ ಎನ್ನುತ್ತ ಲೇಬಲ್ಲುಗಳನ್ನು ಬಿಡತೊಡಗಿತು. ಡಬ್ಬಿಗಳು ಹೊತ್ತಿಗೆ ಸರಿಯಾಗಿ ವ್ಯಾನು ಹತ್ತಿದವು. ಶೈಲಜಾ ಮತ್ತೆ ಆ ಲೇಖನವನ್ನು ಓದಿದಳು. ಕೆಳಗೆ ಬರೆದವರ ಹೆಸರಿರಲಿಲ್ಲ, ಎರಡು ಅಕ್ಷರ ಮಾತ್ರ: ಆರ್. ಎಂ. ಗಂಡಸೋ ಹೆಂಗಸೋ, ಯಾವ ಊರೋ. ಗಾಬರಿಯಾಗಬೇಡಿ ಎಂದು ಬರೆಯಬೇಕೆಂದು ಅವರಿಗೆ ಯಾರೂ ಹೇಳಿರಲಾರರು. ಎಂದಾದರೂ ಒಬ್ಬರು ಹೀಗೆ ಕೂತು ಬೆವರುತ್ತಾರೆಂದು ತಾವಾಗಿ ನೆನೆದು ಬರೆದಿದ್ದರು. ಕಂಪ್ಯೂಟರಿನ ಮೇಲಿದ್ದ ಬಾಡಿದ ಮಲ್ಲಿಗೆಯಲ್ಲಿ ನಾಲ್ಕು ಹೂ ಬಿಡಿಸಿ ಅವಳು ಆ ಪುಟದ ಮೇಲಿಟ್ಟು ಕೈ ಮುಗಿದಳು. ಅವರ ಮನೆ ತಣ್ಣಗಿರಲಿ.

"ಯಾರಿಗವಾ ಅದು ಪೂಜಿ?" ವಿರುಪಾಕ್ಷಪ್ಪ ಕೇಳಿದರು.

"ಹಿಂದಿನ ಪದ್ಯ ಹೇಳಿಕೊಟ್ಟವರಿಗೆ ತಾತ. ಅರ್ಧ ನಿಮಗೆ."

"ನನಗ ಹೂ ಬ್ಯಾಡ, ಚಾ ಕೊಡು."

ಮೂವರೂ ಚಹಾ ಹಿಡಿದು ಕೂತಾಗ ವಸಂತಿ ಕಂಪ್ಯೂಟರಿನ ಕಡೆ ಗಲ್ಲ ತೋರಿಸಿದಳು.

"ಶೈಲಾ, ಒಂದು ಮಾತು ಹೇಳ್ತೇನೆ. ಬರುವ ವರ್ಷ ಗ್ರೈಂಡರಿಗೆ ಪೂಜೆ ಮಾಡುವ, ಚಾಕುವಿಗೆ ಮಾಡುವ, ವ್ಯಾನಿಗೂ ಮಾಡುವ. ಇದನ್ನು ಮಾತ್ರ ಆರಿಸುದು ಬೇಡ. ಹೂ ಇಟ್ಟು ಓಡ್ಲಿಕ್ಕೆ ಬಿಡು. ನನ್ನ ಎದೆ ಇನ್ನೂ ಹೊಡ್ಕೊಳ್ತಾ ಉಂಟು."

ಶೈಲಜಾ ಲೋಟ ಕೆಳಗಿಟ್ಟಳು. ಈ ಅಡುಗೆಮನೆಯಲ್ಲಿ ಅವಳು ವಸಂತಿಯ ಮಾತಿಗೆ ಇದುವರೆಗೆ ಎದುರಾಡಿದವಳಲ್ಲ.

"ಹೊಸ ಬ್ಯಾಟರಿ ಇವತ್ತೇ ತರ್ತೀನಿ ಅಕ್ಕ. ಹೆಸರುಗಳನ್ನ ಪ್ರತಿ ಶನಿವಾರ ಕಾಗದದ ಮೇಲೂ ಹಾಕಿ ಗೋಡೆಗೆ ಅಂಟಿಸ್ತೀನಿ. ನೀವು ಹೇಳಿದ ಬೇರೆ ಏನು ಬೇಕಾದ್ರೂ ಮಾಡ್ತೀನಿ," ಎಂದಳು. "ಆದ್ರೆ ಇದು ಆಗಲ್ಲ. ವರ್ಷವೆಲ್ಲ ಇಷ್ಟು ಜನರ ಹೆಸರು ಹೊತ್ತಿರುತ್ತೆ. ಅವತ್ತೊಂದು ದಿನ ನಾನು ಅದಕ್ಕೆ ಕೆಲಸ ಹೇಳಲ್ಲ."